ಬದಲಿ ಪಾಳಿ

ಮಾರ್ಚ್ 9, ಭಾನುವಾರ. ಶಹಾಬಾದ

ಅಣ್ಣ ಇವತ್ತು ಊಟದ ತಾಟು ಗೋಡೆಗೆ ಬೀಸಿ ಎಸೆದ. ಪುಂಡಿಪಲ್ಯ ಬುದ್ಧನ ಫೋಟೋದ ಗಾಜಿನ ಮೇಲೆ ನಿಧಾನವಾಗಿ ಇಳಿಯಿತು. ಯಾರೂ ಒರೆಸಲಿಲ್ಲ. ಅವನು ಮನೆಯೊಳಗೆ ಇರುವ ತನಕ ಒರೆಸುವುದು ಕೂಡ ಅವನಿಗೆ ಎದುರುತ್ತರ ಕೊಟ್ಟ ಹಾಗೆ.

ನನಗೆ ಈ ಮನೆಯ ಅಭ್ಯಾಸವಿಲ್ಲ. ಆರನೇ ಕ್ಲಾಸಿನಿಂದ ಚಿಂಚೋಳಿ ಕಡೆಯ ವಸತಿ ಶಾಲೆ, ಈಗ ಕಲಬುರಗಿಯಲ್ಲಿ ಲಾ ಫಸ್ಟ್ ಇಯರ್, ಮತ್ತೆ ಹಾಸ್ಟೆಲ್. ಅಲ್ಲಿ ಬೆಲ್ ಹೊಡೆದರೆ ಊಟ, ಬೆಲ್ ಹೊಡೆದರೆ ನಿದ್ದೆ. ಇಲ್ಲಿ ಬೆಲ್ ಎಂದರೆ ಅಣ್ಣನ ಬೈಕಿನ ಸಪ್ಪಳ. ಓಣಿಯ ತುದಿಯಲ್ಲಿ ಅದು ಕೇಳಿದ ಕೂಡಲೆ ಅವ್ವ ಟಿವಿಯ ದನಿ ಇಳಿಸುತ್ತಾಳೆ. ಅಣ್ಣನ ಹೆಂಡತಿ ಕರುಣಾ ವೈನಿ ಸೆರಗು ಸರಿಮಾಡಿಕೊಂಡು ಒಲೆಯ ಕಡೆ ಮುಖ ತಿರುಗಿಸುತ್ತಾಳೆ. ಅವರ ಮಗಳು ಬೇಬಿಗೆ ಇನ್ನೂ ಮೂರು ತುಂಬಿಲ್ಲ. ಅವಳು ತಾನಾಗಿಯೇ ಮಂಚದ ಕೆಳಗೆ ಹೋಗಿ ಬಾಯಲ್ಲಿ ಬೆರಳಿಟ್ಟುಕೊಂಡು ಕೂಡುತ್ತಾಳೆ. ಅವಳಿಗೆ ಇದನ್ನು ಯಾರೂ ಕಲಿಸಿಲ್ಲ. ನನಗೆ ಹೊಟ್ಟೆಯಲ್ಲಿ ನೋವು ಶುರುವಾಗುತ್ತದೆ. ಹಾಸ್ಟೆಲ್ ವಾರ್ಡನ್ ಇದಕ್ಕೆ ಆಂಗ್ಸೈಟಿ ಅಂದಿದ್ದರು. ಅವ್ವ ಗ್ಯಾಸ್ ಅನ್ನುತ್ತಾಳೆ.

ಜಗಳದ ಮೂಲ ಅಪ್ಪನ ರಿಟೈರ್ಮೆಂಟ್. ಮೇ ಕೊನೆಗೆ. ಅಪ್ಪ ಕಾಗಿಣಾ ದಂಡೆಯ ಜಾಕ್‌ವೆಲ್ಲಿನಲ್ಲಿ, ಅಂದರೆ ನದಿಯ ನೀರನ್ನು ಊರಿಗೆ ಎತ್ತುವ ಸರ್ಕಾರಿ ಬಾವಿಯಲ್ಲಿ, ಪಂಪ್ ಆಪರೇಟರ್. ಹಾಜರಿಯಲ್ಲಿ ಇರುವುದು ಅಪ್ಪ. ಬಾವಿಗೆ ಇಳಿಯುವುದು ದೇವಿಂದ್ರ ಅಣ್ಣ. ಆರು ವರ್ಷದ ಹಿಂದೆ ಅಪ್ಪನ ಮೊಣಕಾಲು ಹೋದವು. ಅವತ್ತಿನಿಂದ ಅಪ್ಪ ಸಹಿ ಹಾಕಿ ಬಂದು ಮಲಗುತ್ತಾನೆ, ಅಣ್ಣ ಪಂಪು ನಡೆಸಿ ಅಲ್ಲಿಂದಲೇ ಫರಸಿ ಕಲ್ಲಿನ ಪಾಲಿಶ್ ಮಷೀನಿಗೆ ಕೂಲಿಗೆ ಹೋಗುತ್ತಾನೆ. ನಮ್ಮ ಕಾಲೊನಿಯಲ್ಲಿ ಇದಕ್ಕೆ ಬದಲಿ ಅನ್ನುತ್ತಾರೆ. ಬಹಳ ಮನೆಗಳಲ್ಲಿ ನಡೆಯುತ್ತದೆ. ಬದಲಿ ಮಾಡಿದ ಮಗನಿಗೇ ಅಪ್ಪನ ನೌಕರಿ ಎಂದು ಎಲ್ಲರೂ ನಂಬಿದ್ದಾರೆ, ಹೊಲ ಉತ್ತವನಿಗೆ ಹೊಲ ಅನ್ನುವ ಹಾಗೆ.

ಮಧ್ಯಾಹ್ನ ಪಕ್ಕದ ಮನೆಯ ಭೀಮು ಬಂದಿದ್ದ. ಅವನ ಅಪ್ಪ ಹೋದ ವರ್ಷ ರಿಟೈರ್ ಆಗುವ ಮೊದಲೇ ಎದೆನೋವಿನಿಂದ ಸತ್ತ, ಭೀಮುಗೆ ಅನುಕಂಪದ ನೌಕರಿ ಸಿಕ್ಕಿತು. ಮಣ್ಣಿಗೆ ಬಂದ ಹೆಂಗಸರು "ಟೈಮಿಗಿ ಹೋದ ನೋಡವ್ವ, ಮಗನ್ನ ದಂಡಿಗಿ ಹಚ್ಚಿದ" ಎಂದು ಸತ್ತವನನ್ನು ಹೊಗಳಿದ್ದನ್ನು ನಾನೇ ಕೇಳಿದ್ದೇನೆ.

ಭೀಮು ಚಹಾ ಊದುತ್ತ, "ಕಾಕಾ, ನೀವು ಇನ್ನಾ ಭಾಳ ಗಟ್ಟಿ ಕಾಣ್ತೀರಿ. ನಮ್ ದೇವಿಂದ್ರಂದು ಕಷ್ಟ ಅದ" ಅಂದ.

"ಏನ್ ಮಾಡ್ಲಿಪಾ, ಯಮ ರಜಾ ಮ್ಯಾಲ ಹೋಗ್ಯಾನ" ಅಂದ ಅಪ್ಪ.

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅಣ್ಣ ನಗಲಿಲ್ಲ. ಅವನು ತಾಟು ಎಸೆದದ್ದು ಆಗ.

ಮಾರ್ಚ್ 12. ಕಲಬುರಗಿ

ಉಮಾದೇವಿ ಮೇಡಂ ಇವತ್ತು ವೆಸ್ಟೆಡ್ ರೈಟ್ ಪಾಠ ಮಾಡಿದರು. ಇಂಗ್ಲಿಷಿನಲ್ಲಿ ಅರ್ಧ ತಲೆಯ ಮೇಲೆ ಹೋಯಿತು. ಆಮೇಲೆ ಚಾಕ್ ಕೆಳಗಿಟ್ಟು ಕನ್ನಡದಲ್ಲಿ ಹೇಳಿದರು: ನಿಹಿತ ಹಕ್ಕು. ಪಿಂಚಣಿ ಸರ್ಕಾರ ಹಾಕುವ ಭಿಕ್ಷೆಯಲ್ಲ, ದುಡಿದವನ ಸ್ವತ್ತು. ಷರತ್ತು ಪೂರ್ತಿಯಾದ ದಿನ ಹಕ್ಕು ಅವನಲ್ಲಿ ನೆಲೆ ನಿಂತಿತು, ಆಮೇಲೆ ಹೊರಟ ಆದೇಶ ಹಿಂದಿನಿಂದ ಬಂದು ಅದನ್ನು ಕಿತ್ತುಕೊಳ್ಳುವಂತಿಲ್ಲ. ಆದರೆ ಕಾಯುವುದು ಹಕ್ಕಲ್ಲ. ಅಪ್ಪ ಬದುಕಿರುವಾಗ ಅವನು ಸ್ವಂತ ದುಡಿದದ್ದಕ್ಕೆ ಕಾಯುವ ಮಗನ ಕೈಯಲ್ಲಿ ಇರುವುದು ಬರೀ ಆಸೆ.

"ಮೈತ್ರಿ, ನೀನು ಹೇಳು, ಎರಡಕ್ಕೂ ವ್ಯತ್ಯಾಸ ಏನು?" ಅಂದರು.

ಎದ್ದು ನಿಂತೆ. ಬಾಯಿ ತೆರೆದರೆ ಗಾಳಿ ಬಂತು, ಮಾತು ಬರಲಿಲ್ಲ. ಹಿಂದಿನ ಬೆಂಚಿನವರು ನಕ್ಕರು. ಹಾಸ್ಟೆಲ್ಲಿಗೆ ಬಂದು ಕನ್ನಡಿಯ ಮುಂದೆ ಅದೇ ಉತ್ತರವನ್ನು ಬಾಯಿಪಾಠ ಬರುವ ತನಕ ಹೇಳಿಕೊಂಡೆ.

ಮಾರ್ಚ್ 23, ಭಾನುವಾರ. ಶಹಾಬಾದ

ಇವತ್ತು ಒಳ್ಳೆಯ ದಿನ. ಅಣ್ಣ ಕುಡಿದಿರಲಿಲ್ಲ. ಎಲ್ಲರೂ ಕೂಡಿ ಊಟಕ್ಕೆ ಕುಳಿತೆವು. ರೊಟ್ಟಿ ಮುರಿಯುತ್ತ ಅಣ್ಣ ನನ್ನನ್ನೇ ಕೇಳಿದ. "ಏನ್ ವಕೀಲ್ರ, ಅಪ್ಪನ ನೌಕರಿ ನನಗ ಬರ್ತದೋ ಇಲ್ಲೋ. ನಿನ್ನ ಪುಸ್ತಕ ಏನಂತದ?"

ಬಾಯಿಪಾಠ ಇತ್ತಲ್ಲ. "ಅನುಕಂಪದ ನೌಕರಿ ಯಾರ ಹಕ್ಕೂ ಅಲ್ಲಣ್ಣ. ದುಡಿಯೋ ಮನುಷ್ಯ ಸರ್ವಿಸಿನಾಗ ಇರೋವಾಗ ತೀರಿಕೊಂಡ್ರ, ಮನಿ ಬೀದಿಗಿ ಬರಬಾರದು ಅಂತ ಕೊಡೋ ಆಸರೆ."

"ಡ್ಯೂಟಿ ಮ್ಯಾಲೇ ಸಾಯಬೇಕೇನು?"

"ಎಲ್ಲಿ ಸತ್ರೂ ನಡೀತದ. ರಿಟೈರ್ ಆಗಿರಬಾರದು ಅಷ್ಟ."

"ರಿಟೈರ್ ಆದ ಮರುದಿನ ಸತ್ರ?"

"ಏನೂ ಇಲ್ಲ. ಅವ್ವಗ ಫ್ಯಾಮಿಲಿ ಪಿಂಚಣಿ."

"ಹಿಂದಿನ ದಿನ ಸತ್ರ?"

"ಹಿಂದಿನ ದಿನ ಆದ್ರ ನೀ ಅರ್ಜಿ ಹಾಕಬಹುದು."

ಅವ್ವನ ಸೌಟು ಬೇಳೆಯಲ್ಲೇ ನಿಂತಿತ್ತು. ಅಪ್ಪ ತಾಟು ನೋಡುತ್ತಿದ್ದ. ಇಬ್ಬರಿಗೂ ಅರ್ಥವಾಗಲಿ ಎಂದು ನಾನು ಮತ್ತೊಮ್ಮೆ ಬಿಡಿಸಿ ಹೇಳಿದೆ.

ಅಣ್ಣ ಕೇಳಿದ, "ಆರು ವರ್ಷ ನಾ ಇಳಿದೀನಿ ಆ ಬಾವಿಗಿ. ಅದು ಎಲ್ಲಿ ಜಮಾ ಆಗ್ಯಾದ?"

"ಎಲ್ಲೂ ಇಲ್ಲಣ್ಣ. ಹಾಜರಿ ಅಪ್ಪಂದು. ನಿಂದು ಕಾನೂನಿನ ಪ್ರಕಾರ ಆಸೆ."

ಅವನು ಎದ್ದು ಬಚ್ಚಲಿಗೆ ಹೋಗಿ ತುಂಬ ಹೊತ್ತು ಕೈ ತೊಳೆದ. ಸಿಟ್ಟು ಮಾಡಲಿಲ್ಲ. ನಾನು ಒಂದು ಸಲವೂ ತೊದಲಲಿಲ್ಲ. ಮೇಡಂ ಕೇಳಿದ್ದರೆ ಫುಲ್ ಮಾರ್ಕ್ಸ್.

ಏಪ್ರಿಲ್ 3. ಕಲಬುರಗಿ

ವೈನಿ ಫೋನ್ ಮಾಡಿದ್ದಳು. ಬಚ್ಚಲಲ್ಲಿ ನಿಂತು ಮಾತಾಡಿದ್ದಿರಬೇಕು, ದನಿಯ ಹಿಂದೆ ನೀರು ಬೀಳುತ್ತಿತ್ತು. ಅಣ್ಣ ಬದಲಿ ಬಿಟ್ಟಿದ್ದಾನೆ. "ನಿನ್ನ ಹಾಜರಿ, ನೀನ ಇಳಿ" ಎಂದು ಅಪ್ಪನನ್ನು ಬೈಕಿನ ಮೇಲೆ ಕೂಡಿಸಿಕೊಂಡು ಹೋಗಿ ಜಾಕ್‌ವೆಲ್ಲಿನ ಬಾಗಿಲಲ್ಲಿ ಬಿಟ್ಟು ಬರುತ್ತಾನೆ. ಒಳಗಿನ ಮೆಟ್ಟಿಲು ಸದಾ ಒದ್ದೆ. ನಿನ್ನೆ ಅಪ್ಪ ಜಾರಿ ಬಿದ್ದ. ಪಕ್ಕೆಲುಬು ಸೀಳಿದೆಯಂತೆ.

"ಅವರು ಮ್ಯಾಲ ನಿಂತು ನೋಡಾಕತ್ತಿದ್ರಂತ. ಕೈ ಕೊಡಲಿಲ್ಲಂತ" ಅಂದಳು.

ಅವರು ಎಂದರೆ ಅವಳ ಗಂಡ.

ಏಪ್ರಿಲ್ 14. ಶಹಾಬಾದ

ಜಯಂತಿ. ಊರೆಲ್ಲ ನೀಲಿ ಬಾವುಟ, ಡಿಜೆ. ಅಪ್ಪ ಪಕ್ಕೆಗೆ ಪಟ್ಟಿ ಕಟ್ಟಿಕೊಂಡೇ ಬಿಳಿ ಅಂಗಿ ತೊಟ್ಟು ಮೆರವಣಿಗೆಗೆ ನಿಂತ. ಅಣ್ಣ ಕುಡಿದು ಬಂದ. ಓಣಿಯ ಮುಂದೆ, ಮೆರವಣಿಗೆ ನಿಂತ ಹೊತ್ತಿನಲ್ಲಿ, ಬೆಲ್ಟು ಬಿಚ್ಚಿ ಅಪ್ಪನನ್ನು ಹೊಡೆದ. ಡಿಜೆಯ ಸಪ್ಪಳದಲ್ಲಿ ಏಟು ಕೇಳಿಸಲಿಲ್ಲ. ಬಿಳಿ ಅಂಗಿಯ ಮೇಲೆ ಗೆರೆ ಮಾತ್ರ ಏಳುತ್ತಿತ್ತು. ಅಪ್ಪ ಕೈ ಎತ್ತಲಿಲ್ಲ, ಪಕ್ಕೆ ಹಿಡಿದುಕೊಂಡು ಹಾಗೆಯೇ ನಿಂತ. ಭೀಮು ಮತ್ತು ಇನ್ನಿಬ್ಬರು ಬಂದು ಅಣ್ಣನನ್ನು ಹಿಡಿದರು.

"ಅಪ್ಪಗ ಹೊಡಿತೀಯೇನಲೇ, ಇವತ್ತಿನ ದಿನ?"

"ನಿಂದು ಆಗ್ಯಾದ, ನೀ ಮಾತಾಡ್ತಿ" ಅಂದ ಅಣ್ಣ. "ನಿಮ್ಮಪ್ಪ ಶ್ಯಾಣ್ಯಾ ಇದ್ದ."

ನಾನು ನಡುವೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಕಾಲು ಹೋದವು. ಅಣ್ಣ ನನ್ನ ಕಪಾಳಕ್ಕೆ ಕೊಟ್ಟ. ಬಲಗಿವಿ ಈಗಲೂ ಗುಂಯ್ ಅನ್ನುತ್ತಿದೆ. ನನ್ನನ್ನು ಜೀವನದಲ್ಲಿ ಯಾರೂ ಹೊಡೆದಿರಲಿಲ್ಲ, ಹಾಸ್ಟೆಲ್ಲಿನಲ್ಲಿ ಕೂಡ. ಅದು ಇಷ್ಟೇನಾ ಅನ್ನಿಸಿತು. ಇಷ್ಟು ದಿನ ಹೊಟ್ಟೆ ನೋಯಿಸಿಕೊಂಡದ್ದು ಇಷ್ಟಕ್ಕೇನಾ. ಬಿದ್ದಲ್ಲಿಂದ ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಪಾಲಿಶ್ ನೀರಿನಲ್ಲಿ ಬಿಳಿಚಿಕೊಂಡ, ಉಗುರು ಸವೆದ ಕೈ. ಬಲಗೈ.

ಏಪ್ರಿಲ್ 23. ಕಲಬುರಗಿ

ಮೇಡಂ ಪಾಠದ ನಡುವೆ ಹೇಳಿದ ಮಾತು: ಕೊಂದವನಿಗೆ ಕೊಲೆಯ ಲಾಭ ಸಿಗುವುದಿಲ್ಲ. ವಾರಸುದಾರನೇ ಕೊಂದರೆ ವಾರಸಾ ಹೋಯಿತು.

ನಾನು ಕೈ ಎತ್ತಿದೆ. ಈ ವರ್ಷ ಮೊದಲ ಸಲ. "ಮೇಡಂ, ಕೊಂದದ್ದು ಯಾರಿಗೂ ಗೊತ್ತಾಗದಿದ್ದರೆ?"

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಗೊತ್ತಾಗದಿದ್ದರೆ ಅದು ಕಾನೂನಿನ ಪ್ರಶ್ನೆ ಅಲ್ಲಮ್ಮ. ಮನೆಯಲ್ಲಿ ಎಲ್ಲ ಆರಾಮ ಅದ ಏನು?"

ಆರಾಮ ಇದ್ದಾರೆ ಅಂದೆ.

ಅವತ್ತು ಊಟಕ್ಕೆ ಕೂತಾಗ ನಾನು ಈ ಭಾಗವನ್ನು ಹೇಳಿರಲಿಲ್ಲ. ಆಗ ಇದು ಸಿಲೆಬಸ್ಸಿನಲ್ಲಿ ಬಂದಿರಲಿಲ್ಲ.

ಏಪ್ರಿಲ್ 27, ಭಾನುವಾರ. ಶಹಾಬಾದ

ಅಣ್ಣ ಬೈಕ್ ತೊಳೆಯುತ್ತಿದ್ದಾಗ ಹತ್ತಿರ ಹೋಗಿ ಹೇಳಿದೆ. "ಅಣ್ಣ, ಕೊಂದವ್ರಿಗಿ ನೌಕರಿ ಸಿಗಂಗಿಲ್ಲ."

ಅವನು ಚಕ್ರ ತಿರುಗಿಸುತ್ತಲೇ ಇದ್ದ. "ಕೊಲ್ಲೋ ಮಾತು ಯಾರ್ ಆಡ್ಯಾರ? ಬಾವ್ಯಾಗ ಪಾಚಿ ಅದ. ಮುದುಕಗ ಕಣ್ಣು ಕಾಣಂಗಿಲ್ಲ."

ಹೀಗೆ ಹೇಳಿ ನಕ್ಕ. ಸಣ್ಣವಳಿದ್ದಾಗ ಚಿಂಚೋಳಿ ಹಾಸ್ಟೆಲ್ಲಿಗೆ ನನ್ನನ್ನು ಬಿಡಲು ಬರುತ್ತಿದ್ದವನು ಅವನೇ. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಕೊಡುತ್ತಿದ್ದ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಿರ್ಚಿ ಭಜಿ ತಂದು ಕೊಡುತ್ತಿದ್ದ. ಆಗ ಹೀಗೇ ನಗುತ್ತಿದ್ದ.

ಹಾಸ್ಟೆಲ್ಲಿಗೆ ಹೋಗುವುದಿಲ್ಲ ಎಂದು ಅವ್ವನಿಗೆ ಹೇಳಿದೆ. ಅಟೆಂಡೆನ್ಸ್ ಶಾರ್ಟೇಜ್ ಆದರೆ ಆಗಲಿ.

"ನೀ ಇದ್ದು ಏನ್ ಮಾಡ್ತಿ ಮಗ್ಳ, ಹಲ್ಲಿ ನೋಡಿದ್ರ ಹೆದರಿ ಒದರ್ತಿ" ಅಂದಳು ಅವ್ವ.

ಮೇ 4, ಭಾನುವಾರ

ಒಂದು ವಾರದಿಂದ ಬದಲಿ ನನ್ನದು. ಅಪ್ಪನ ಜೊತೆ ಆಟೋದಲ್ಲಿ ಹೋಗುತ್ತೇನೆ. ಅಪ್ಪ ಮೇಲೆ ಕುರ್ಚಿ ಹಾಕಿಕೊಂಡು ಹೇಳುತ್ತಾನೆ, ನಾನು ಮಾಡುತ್ತೇನೆ. ಸ್ಟಾರ್ಟರ್ ಎಳೆಯುವುದು ಸುಲಭ. ವಾಲ್ವ್ ತಿರುವುವುದು ಕಷ್ಟ. ಅದಕ್ಕೆ ಒಂದು ಕಬ್ಬಿಣದ ಚಾವಿ ಇದೆ, ನನ್ನ ಸೊಂಟದ ಎತ್ತರ, ಮೇಲೆ ಹಿಡಿಯಲು ಅಡ್ಡ ಹಿಡಿಕೆ. ಮೊದಲ ದಿನ ಎತ್ತಲಾಗಲಿಲ್ಲ. ಈಗ ಒಂದೇ ಕೈಯಲ್ಲಿ ಎತ್ತುತ್ತೇನೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಗಿವೆ.

ಬಾವಿಯ ಸುತ್ತ ಫರಸಿ ಹಾಸಿದ್ದಾರೆ, ಕಟ್ಟೆಯಿಲ್ಲ. ಕೆಳಗೆ ಕಪ್ಪು ನೀರು ಸುಳಿ ತಿರುಗುತ್ತದೆ.

"ಆರು ವರ್ಷ ಅಂವ ಒಬ್ಬನ ಇಳಿದಾನ. ಹೊಳಿ ತುಂಬಿ ಬಂದಾಗೂ ಇಳಿದಾನ" ಅಂದ ಅಪ್ಪ.

"ಮತ್ತ ಎದಕ ಇಳಿಸಿದಿ?"

"ಮಗ ಅಲ್ಲೇನವ್ವ. ಮುಂದ ಅವಂದ ಆಗ್ತದ ಅಂದ್ಕೊಂಡಿದ್ದೆ."

ಅಪ್ಪನ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ಚಾವಿಯನ್ನು ನೆಲಕ್ಕೆ ಬಿಟ್ಟೆ. ಗುಮ್ಮಟದಲ್ಲಿ ಸದ್ದಾದ ಹಾಗೆ ಬಾವಿ ಗುಂಯ್ಗುಟ್ಟಿತು. ಅಪ್ಪ ಬೆಚ್ಚಿಬಿದ್ದ. ಆಮೇಲೆ ಬೇಗ ಬೇಗ ಮಾತು ಬದಲಿಸಿದ.

ಮೇ 11, ಭಾನುವಾರ

ಇದನ್ನು ಸರಿಯಾದ ಕ್ರಮದಲ್ಲಿ ಬರೆಯಬೇಕು.

ಅಣ್ಣ ಮಧ್ಯಾಹ್ನ ಬಂದ. ನಾನು ಕೆಳಗಿನ ವಾಲ್ವ್ ಮುಚ್ಚಿ ಮೇಲೆ ಹತ್ತುತ್ತಿದ್ದೆ. ಮೋಟರಿನ ಸಪ್ಪಳಕ್ಕೆ ಬೈಕ್ ಕೇಳಿಸಿರಲಿಲ್ಲ. ತಲೆ ಎತ್ತಿದಾಗ ಅಪ್ಪನ ಕುರ್ಚಿ ಬಿದ್ದಿತ್ತು. ಅಪ್ಪನದೇ ಟವೆಲನ್ನು ಅವನ ಕುತ್ತಿಗೆಗೆ ಸುತ್ತಿ ಅಣ್ಣ ಬಾವಿಯ ಅಂಚಿಗೆ ಎಳೆಯುತ್ತಿದ್ದ. ಅಪ್ಪನ ಹಿಮ್ಮಡಿ ಒದ್ದೆ ಫರಸಿಯ ಮೇಲೆ ಜಾರುತ್ತಿತ್ತು. ನಾಲಿಗೆ ಹೊರಗೆ ಬಂದಿತ್ತು.

"ಇವಳ್ನ ಹಾಸ್ಟೆಲಿಗಿ ಹಾಕ್ದಿ, ನನ್ನ ಬಾವ್ಯಾಗ ಹಾಕ್ದಿ" ಅನ್ನುತ್ತಿದ್ದ. ಅಳುತ್ತಿದ್ದ. "ಆರು ವರ್ಷ ಹಾಕ್ದಿ. ಈಗ ನೀ ಇಳಿ. ಒಂದ್ ಸಲ ಇಳಿ, ಸಾಕು."

ಚಾವಿ ನನ್ನ ಕೈಯಲ್ಲೇ ಇತ್ತು. ಟವೆಲ್ ಹಿಡಿದ ಮಣಿಕಟ್ಟಿನ ಮೇಲೆ ಹೊಡೆದೆ. ಒಣ ಕಟ್ಟಿಗೆ ಮುರಿದ ಹಾಗೆ ಆಯಿತು. ಟವೆಲ್ ಬಿಟ್ಟ. ಅಪ್ಪ ಈ ಕಡೆ ಬಿದ್ದ, ಉಸಿರು ಎಳೆದುಕೊಂಡ. ಅದನ್ನು ನಾನು ನೋಡಿದೆ. ಅಪ್ಪ ಉಸಿರಾಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು.

ಅಣ್ಣ ಮೊಣಕಾಲೂರಿದ. ಅಂಚಿನಿಂದ ಜಾರದಿರಲು ಅದೇ ಕೈಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಊರಿದ. ನನ್ನನ್ನು ನೋಡಿದ. ಬಸ್ಸಿನಲ್ಲಿ ಕಿಟಕಿ ಬಿಟ್ಟುಕೊಡುತ್ತಿದ್ದ ಮುಖ.

"ಸಾಕು ಮೈತ್ರಿ" ಅಂದ.

ನಾನು ಚಾವಿಯನ್ನು ಎರಡೂ ಕೈಯಿಂದ ಎತ್ತಿ ಆ ಕೈಯ ಮೇಲೆ ಹಾಕಿದೆ. ಬೆರಳುಗಳ ಸಪ್ಪಳ ಮೋಟರಿನ ಸಪ್ಪಳದೊಳಗೂ ಬೇರೆಯಾಗಿ ಕೇಳಿಸಿತು. ರಕ್ತ ಫರಸಿಯ ಸಂದಿನಲ್ಲಿ ಗೆರೆಯಾಗಿ ಹರಿದು ಬಾವಿಗೆ ಇಳಿಯಿತು. ಊರಿಗೆ ಹೋಗುವ ನೀರು ಎಂದು ಅನ್ನಿಸಿ ಮೋಟರ್ ಬಂದ್ ಮಾಡಿದೆ. ಆಗ ಅಪ್ಪ ಒದರುತ್ತಿರುವುದು ಕೇಳಿಸಿತು. "ಬಿಡ್ರವ್ವ, ಬಿಡ್ರಿ" ಅನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದನೋ ತಿಳಿಯಲಿಲ್ಲ.

ಹೊಟ್ಟೆಯಲ್ಲಿ ನೋವು ಇರಲಿಲ್ಲ.

ಮೇ 13. ಕಲಬುರಗಿ, ಆಸ್ಪತ್ರೆ

ಡಾಕ್ಟರ್ ಕೇಳಿದರು. ಅಣ್ಣನೇ ಹೇಳಿದ, "ಫರಸಿ ಇಳಸಾಕತ್ತಿದ್ವಿ ಸರ್, ಕಲ್ಲು ಕೈ ಮ್ಯಾಲ ಬಿತ್ತು." ಹೇಳುವಾಗ ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದ, ಸರಿಯಾಗಿ ಹೇಳಿದೆನಾ ಅನ್ನುವ ಹಾಗೆ. ನಾನು ತಲೆ ಆಡಿಸಿದೆ.

ಎರಡು ಬೆರಳು ತೆಗೆದಿದ್ದಾರೆ. ಉಳಿದವು ಮಡಚುವುದಿಲ್ಲವಂತೆ. ಪಾಲಿಶ್ ಮಷೀನ್ ಹಿಡಿಯಲು ಇನ್ನು ಆಗುವುದಿಲ್ಲ.

ಸ್ವರಕ್ಷಣೆಯ ಅಧ್ಯಾಯ ಓದಿದೆ. ಪ್ರಾಣಭಯ ಇರುವ ತನಕ ಆ ಹಕ್ಕು ಇರುತ್ತದೆ, ಭಯ ಹೋದ ಕೂಡಲೆ ಹಕ್ಕೂ ಹೋಗುತ್ತದೆ. ಎರಡನೆಯ ಏಟಿನ ಹೊತ್ತಿಗೂ ನನಗೆ ಭಯ ಇತ್ತು. ಇಲ್ಲಿ ಬರೆದಿಟ್ಟಿರುತ್ತೇನೆ: ಭಯ ಇತ್ತು.

ಮೇ 20. ಶಹಾಬಾದ

ಮನೆಯಲ್ಲಿ ಶಾಂತಿ ಇದೆ. ಅಣ್ಣ ಅಂಗಳದ ಶೆಡ್ಡಿನಲ್ಲಿ ಮಲಗುತ್ತಾನೆ, ಊಟ ಅಲ್ಲಿಗೇ ಹೋಗುತ್ತದೆ. ನಾನೇ ಹಾಗೆ ಇಟ್ಟಿದ್ದೇನೆ. ಚಾವಿಯನ್ನು ಬಾಗಿಲ ಹಿಂದೆ ನಿಲ್ಲಿಸಿದ್ದೇನೆ. ಡ್ಯೂಟಿಗೆ ಹೋಗುವಾಗ ಒಯ್ಯುತ್ತೇನೆ, ಬರುವಾಗ ತರುತ್ತೇನೆ.

ಊಟದ ಹೊತ್ತಿಗೆ ವೈನಿ ಮೆಲ್ಲಗೆ ಹೇಳಿದಳು. "ಬಿಸಲು ಭಾಳ ಅದ. ಅವರು ಒಳಗ ಒಂದ್ ತಾಸು ಫ್ಯಾನಿನ ಕೆಳಗ ಮಲಗ್ತಾರಂತ."

"ಈ ಮನಿ ಅಪ್ಪಂದು. ಅವನಿಗಿ ಇಲ್ಲಿ ಇರೋದು ಹಕ್ಕಲ್ಲ, ಅನುಮತಿ. ಅನುಮತಿ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು" ಅಂದೆ.

"ಮಾವನ್ನ ಕೇಳ್ರಿ ಮತ್ತ. ಅವರೇನಂತಾರ" ಅಂದಳು.

ನನ್ನ ಕೈಯಲ್ಲಿದ್ದ ನೀರಿನ ಗ್ಲಾಸ್ ಹೋಗಿ ಗೋಡೆಗೆ ಬಡಿಯಿತು. ಬುದ್ಧನ ಫೋಟೋದ ಗಾಜು ಒಡೆಯಿತು. ಸ್ಟೀಲ್ ಗ್ಲಾಸ್ ಒದ್ದೆ ಇದ್ದರೆ ಹೀಗೇ, ಕೈಯಿಂದ ಜಾರುತ್ತದೆ. ಚೂರು ಯಾರೂ ಎತ್ತಲಿಲ್ಲ. ನಾನು ಹೊರಗೆ ಹೋಗಿ ಬಂದ ಮೇಲೆ ನೋಡಿದರೆ ಎತ್ತಿದ್ದರು.

ಮೇ 26

ಅಣ್ಣನಿಗೆ ಇವತ್ತು ಹೊಡೆಯಬೇಕಾಯಿತು. ಒಂದೇ ಏಟು, ಬೆನ್ನಿಗೆ, ಅವನದೇ ಬೆಲ್ಟಿನಿಂದ. ಕೇಳದೆ ಒಳಗೆ ಬಂದು ಬೇಬಿಯನ್ನು ಎತ್ತಿಕೊಂಡಿದ್ದ.

ಮೇ 31, ಶನಿವಾರ

ಆಯಿತು. ಅಪ್ಪ ರಿಟೈರ್ ಆದ. ಜೀವಂತ.

ಆಫೀಸಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಚಿತ್ತಾಪುರದಿಂದ ಒಬ್ಬರು ನಿವೃತ್ತ ನೌಕರರು ಬಂದು ಅಪ್ಪನ ನಿಷ್ಠೆಯ ಬಗ್ಗೆ ಭಾಷಣ ಮಾಡಿದರು. ಆರು ವರ್ಷದ ಬದಲಿಯ ಮಾತು ಯಾರೂ ಎತ್ತಲಿಲ್ಲ. ಪಂಪ್‌ಹೌಸಿನ ಸಾಮಾನು ಒಪ್ಪಿಸುವಾಗ ಸಾಹೇಬರು ವಾಲ್ವ್ ಚಾವಿ ಎಲ್ಲಿ ಅಂದರು. ಅಪ್ಪ ನನ್ನ ಕಡೆ ನೋಡಿದ. ಆಮೇಲೆ "ಬಾವ್ಯಾಗ ಬಿತ್ತು ಸಾಹೇಬ್ರ" ಅಂದ.

ಆಟೋದಲ್ಲಿ ಬರುವಾಗ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು ಅಪ್ಪ ನಕ್ಕ. "ನಾಳಿಂದ ನಾ ಸತ್ರ ಯಾರಿಗೂ ಫಾಯ್ದಾ ಇಲ್ಲ. ಇನ್ನ ಆರಾಮ ಸಾಯ್ತೀನಿ."

ನಾನೂ ನಕ್ಕೆ. ಪಿಂಚಣಿಯ ಹಕ್ಕು ಇವತ್ತು ಅವನಲ್ಲಿ ನಿಹಿತವಾಯಿತು, ಇನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದು ಬಿಡಿಸಿ ಹೇಳಿದೆ. ಅಪ್ಪ ಹೂಂ ಹೂಂ ಅನ್ನುತ್ತ ಕೇಳಿದ. ಆಟೋ ನಮ್ಮ ಓಣಿಗೆ ತಿರುಗಿದಾಗ ಹೇಳಿದ. "ನೀ ಸಿಟ್ಟಿಗೇಳಂಗಿಲ್ಲ ಅಂದ್ರ ಒಂದ್ ಮಾತ ಕೇಳ್ಲ್ಯಾ?"

"ಕೇಳು."

"ಇನ್ನ ಅಂವಗ ನನ್ನ ಕೊಂದು ಏನೂ ಸಿಗಂಗಿಲ್ಲ. ಕೈನೂ ಇಲ್ಲ. ದೇವಿಂದ್ರನ್ನ ಒಳಗ ಉಣ್ಣಾಕ ಕರೀಲ್ಯಾ? ಇವತ್ತೊಂದ್ ದಿನ."

ಸುಮ್ಮನೆ ಅವನನ್ನು ನೋಡಿದೆ ಅಷ್ಟೆ.

"ಬ್ಯಾಡ ಬಿಡು. ಸುಮ್ಮ ಕೇಳಿದ್ನವ್ವ" ಅಂದ.

ಮನೆಯಲ್ಲಿ ಅವ್ವ ಹೋಳಿಗೆ ಮಾಡಿದ್ದಳು. ಅಣ್ಣನ ತಾಟು ಅಂಗಳಕ್ಕೆ ಹೋಯಿತು. ಅವನು ಎಡಗೈಯಲ್ಲಿ ಉಣ್ಣುವುದನ್ನು ಇನ್ನೂ ಕಲಿತಿಲ್ಲ, ಬಹಳ ಚೆಲ್ಲುತ್ತಾನೆ.

ಜೂನ್ 22, ಭಾನುವಾರ

ಮೂರು ವಾರದ ನಂತರ ಊರಿಗೆ ಬಂದೆ. ರೈಲಿನಲ್ಲಿ ಸೀಟಿಗಾಗಿ ವಾಡಿಯ ಒಬ್ಬ ಜಗಳಕ್ಕೆ ಬಂದ. ಎದ್ದು ನಿಂತು ಅವನ ಮುಖಕ್ಕೆ ಮುಖ ಕೊಟ್ಟೆ, ಅವನೇ ಸರಿದ. ಕಾಲೇಜಿನಲ್ಲೂ ಹಾಗೆಯೇ. ಹಿಂದಿನ ಬೆಂಚಿನವರು ಈಗ ನಗುವುದಿಲ್ಲ. ಉಮಾದೇವಿ ಮೇಡಂ ವೈವಾದಲ್ಲಿ ನಿಹಿತ ಹಕ್ಕಿನ ಬಗ್ಗೆಯೇ ಕೇಳಿದರು, ಗಟ್ಟಿಯಾಗಿ ಹೇಳಿದೆ. ಒಳ್ಳೆಯ ಉತ್ತರ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, "ನೀನು ಮೊದಲು ಭಾಳ ಹೆದರ್ತಿದ್ದಿ, ಅಲ್ಲಾ?" ಅಂದರು. ಹೊಗಳಿಕೆ ಎಂದುಕೊಂಡೆ.

ಹಾಸ್ಟೆಲ್ಲಿನಲ್ಲಿ ಕೊಟ್ಟ ಹೊಟ್ಟೆಯ ಮಾತ್ರೆ ಬಿಟ್ಟಿದ್ದೇನೆ. ಬೇಕಾಗುವುದಿಲ್ಲ.

ಓಣಿಯೊಳಗೆ ಕಾಲಿಟ್ಟಾಗ ನಮ್ಮ ಮನೆಯ ಟಿವಿ ಜೋರಾಗಿ ಕೇಳಿಸುತ್ತಿತ್ತು. ಅಪ್ಪ ನಗುತ್ತಿದ್ದ, ಅಣ್ಣನ ದನಿಯೂ ಒಳಗಿನಿಂದಲೇ ಬರುತ್ತಿತ್ತು. ಗೇಟಿನ ಚಿಲಕ ತೆಗೆದೆ. ಟಿವಿಯ ದನಿ ಇಳಿಯಿತು. ನನಗೆ ಪರೀಕ್ಷೆ ಹತ್ತಿರ ಇದೆ ಎಂದು ಅವ್ವನಿಗೆ ಗೊತ್ತು, ಓದಲು ತೊಂದರೆಯಾಗದಿರಲಿ ಎಂದು ಇಳಿಸಿರಬೇಕು. ಹಿತ್ತಲ ಬಾಗಿಲು ಬಡಿದುಕೊಂಡಿತು. ನಾನು ಒಳಗೆ ಹೋಗುವಷ್ಟರಲ್ಲಿ ಅಣ್ಣ ಶೆಡ್ಡಿನಲ್ಲಿದ್ದ. ವೈನಿ ಒಲೆಯ ಕಡೆ ತಿರುಗಿದ್ದಳು. ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ, ಆ ಮೊಣಕಾಲಿನಲ್ಲಿ.

"ಬಂದ್ಯಾ? ಕುಂದ್ರು, ಕುಂದ್ರು" ಅಂದ.

ಬಾಗಿಲ ಹಿಂದೆ ಚಾವಿ ಇದೆಯೋ ಇಲ್ಲವೋ ನೋಡಿದೆ. ಇತ್ತು.

ಬೇಬಿಗೆ ಕಲಬುರಗಿಯಿಂದ ಬಣ್ಣದ ಬಳೆ ತಂದಿದ್ದೆ. ಅವಳೆಲ್ಲಿ ಅಂದೆ. ಯಾರೂ ಹೇಳಲಿಲ್ಲ. ಬಗ್ಗಿ ನೋಡಿದರೆ ಮಂಚದ ಕೆಳಗೆ ಬಾಯಲ್ಲಿ ಬೆರಳಿಟ್ಟುಕೊಂಡು ಕುಳಿತಿದ್ದಳು. ನಾನು ಬಂದರೆ ಅವಳಿಗೆ ಈಗ ಕಣ್ಣಾಮುಚ್ಚಾಲೆ ಆಡುವ ಹುರುಪು. ಬಳೆ ತೋರಿಸಿದೆ, ಹೆಸರು ಹಿಡಿದು ಕರೆದೆ, ನಾನು ಸೋತೆ ಅಂದೆ.

ಬರಲಿಲ್ಲ. ಬಹಳ ಚೆನ್ನಾಗಿ ಅಡಗುತ್ತಾಳೆ, ಉಸಿರು ಕೂಡ ಬಿಡುವುದಿಲ್ಲ.